ಮಂದ, ಮಂಕು, ಮೊಂಡು, ಮಬ್ಬು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಳಗದ ಪದಗಳನ್ನು ಕುರಿತವು. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು ಇವನ್ನು ಒಟ್ಟಾಗಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಇಂಗ್ಲಿಷಿನಿಂದ ಕಥೆಗಳನ್ನು ಅನುವಾದಿಸುತ್ತೇನೆ. ಒಂದು ಕಥೆಯಲ್ಲಿ ಚಾಕು, ದೀಪ, ಮೊಣಕಾಲಿನ ನೋವು, ಒಬ್ಬ ಹುಡುಗ, ಒಂದು ಭಾಷಣ ಈ ಐದಕ್ಕೂ ಲೇಖಕರು ‘ಡಲ್’ ಎಂಬ ಒಂದೇ ವಿಶೇಷಣವನ್ನು ಬಳಸಿದ್ದಾರೆ. ನಾನು ಐದು ಕಡೆಯೂ ‘ಮಂದ’ ಎಂದು ಬರೆದೆ. ಹಸ್ತಪ್ರತಿ ಓದಿದವರು ‘ಮಂದ ಚಾಕು’ ಎಂಬಲ್ಲಿಗೆ ಬಂದು ನಕ್ಕುಬಿಟ್ಟರು. ಇದಕ್ಕೆಲ್ಲ ಹೊಂದುವ ಒಂದು ಪದ ಕನ್ನಡದಲ್ಲಿ ಇಲ್ಲವೇ?

ಉತ್ತರ: ಇಲ್ಲ, ಮತ್ತು ಅದನ್ನು ಕೊರತೆಯೆಂದು ಎಣಿಸಬೇಕಾಗಿಯೂ ಇಲ್ಲ. ಆ ವಸ್ತು ಕಳೆದುಕೊಂಡದ್ದು ಏನನ್ನು ಎಂಬುದನ್ನು ನೋಡಿಕೊಂಡು ಕನ್ನಡ ಬೇರೆ ಬೇರೆ ಪದಗಳನ್ನು ಇಟ್ಟುಕೊಂಡಿದೆ. ಹರಿತ ಹೋದರೆ ಮೊಂಡು, ಹೊಳಪು ಹೋದರೆ ಮಂಕು, ವೇಗ ಹೋದರೆ ಮಂದ, ರುಚಿ ಹೋದರೆ ಸಪ್ಪೆ, ಸ್ಪರ್ಶಜ್ಞಾನ ಹೋದರೆ ಜೋಮು, ಎಚ್ಚರ ಹೋದರೆ ಮಂಪರು. ಯಾವ ಪದ ಎಲ್ಲಿಗೆ ಸಲ್ಲುತ್ತದೆ ಎಂಬ ಅನುಮಾನ ಬಂದಾಗ ವಿಶೇಷಣವನ್ನು ಬಿಟ್ಟು ಅದರ ಜೊತೆಗೆ ಬರುವ ಕ್ರಿಯಾಪದವನ್ನು ನೋಡಿದರೆ ದಾರಿ ಕಾಣುತ್ತದೆ. ಮಬ್ಬು ಕವಿಯುತ್ತದೆ, ಮಬ್ಬು ಹರಿಯುತ್ತದೆ, ಮಂಕು ಕವಿಯುತ್ತದೆ, ಹಿಡಿಯುತ್ತದೆ, ಬಿಡುತ್ತದೆ, ಜೋಮು ಹಿಡಿಯುತ್ತದೆ, ಕಳೆ ಗುಂದುತ್ತದೆ, ಬಣ್ಣ ಮಾಸುತ್ತದೆ, ಅಲಗು ಮೊಂಡಾಗುತ್ತದೆ. ಕವಿಯುವುದು ಮತ್ತು ಹಿಡಿಯುವುದು ಹೊರಗಿನಿಂದ ಬರುವಂಥವು, ಆದ್ದರಿಂದ ಬಿಟ್ಟುಹೋಗುವಂಥವೂ ಹೌದು. ಗುಂದುವುದು ಮತ್ತು ಮಾಸುವುದು ವಸ್ತುವಿನೊಳಗೇ ನಿಧಾನವಾಗಿ ನಡೆಯುವ ಕೆಲಸ.

ಇನ್ನು ನಿಮ್ಮ ಐದು ಜಾಗಗಳು. ಚಾಕು ಮೊಂಡು, ಅದರಲ್ಲಿ ಸಂಶಯವಿಲ್ಲ. ಆದರೆ ಇಲ್ಲೊಂದು ಸ್ವಾರಸ್ಯವಿದೆ. ಚಾಕುವನ್ನು ದೀಪದ ಕೆಳಗೆ ಅಲಗು ಮೇಲಾಗಿ ಹಿಡಿದು ನೋಡಿದರೆ, ಚೆನ್ನಾಗಿ ಸಾಣೆ ಹಿಡಿದ ಅಲಗು ಕಣ್ಣಿಗೆ ಬೀಳುವುದೇ ಇಲ್ಲ. ಎಲ್ಲಿ ಮೊಂಡಾಗಿದೆಯೋ ಅಲ್ಲಿ ಮಾತ್ರ ಅಂಚು ಚಪ್ಪಟೆಯಾಗಿರುವುದರಿಂದ ಬೆಳಕನ್ನು ಹಿಂತಿರುಗಿಸಿ ಸಣ್ಣ ಬಿಳಿಗೆರೆಯಾಗಿ ಹೊಳೆಯುತ್ತದೆ. ಸಾಣೆ ಹಿಡಿಯುವವರು ಹೀಗೆಯೇ ಪರೀಕ್ಷಿಸುತ್ತಾರೆ. ಎಂದರೆ ಮೊಂಡಾದದ್ದು ಮಂಕಾಗಿರಬೇಕೆಂದೇನೂ ಇಲ್ಲ, ಈ ಸಂದರ್ಭದಲ್ಲಿ ಅದೇ ಹೆಚ್ಚು ಹೊಳೆಯುತ್ತದೆ. ಇಂಗ್ಲಿಷು ಒಂದೇ ಪದದಲ್ಲಿ ಕಟ್ಟಿಹಾಕಿರುವ ಎರಡು ಗುಣಗಳನ್ನು ಕನ್ನಡ ಬೇರೆಬೇರೆಯಾಗಿ ಇಟ್ಟಿರುವುದು ಸರಿಯಾಗಿಯೇ ಇದೆ.

ದೀಪದ ಬೆಳಕಿಗೆ ನಿಮ್ಮ ‘ಮಂದ’ ನಿಲ್ಲುತ್ತದೆ, ‘ಮಂಕು’ ಕೂಡ ನಿಲ್ಲುತ್ತದೆ, ಆದರೆ ಎರಡೂ ಒಂದೇ ಅಲ್ಲ. ಮಂದ ಬೆಳಕು ಎಂದರೆ ಕಡಿಮೆ ಬೆಳಕು. ಅದು ಹಿತವಾಗಿಯೂ ಇರಬಹುದು. ಮಂಕು ಬೆಳಕು ಎಂದಾಗ ನೋಡುವವನ ಮನಸ್ಸಿನ ಬೇಸರವೂ ಅದರೊಳಗೆ ಸೇರಿಕೊಳ್ಳುತ್ತದೆ. ಬಣ್ಣಗಳ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ: ಬೆಳಕು ಮಂದವಾದಂತೆ ಬಣ್ಣ ಮಂಕಾಗುತ್ತದೆ. ಕತ್ತಲು ಕವಿಯುವ ಹೊತ್ತಿನಲ್ಲಿ ಕಣ್ಣಿನೊಳಗಿನ, ಬಣ್ಣ ಗುರುತಿಸುವ ಶಂಕುಕೋಶಗಳು ಹಿಂದೆ ಸರಿದು ಕೆಂಪನ್ನು ಹೆಚ್ಚುಕಡಿಮೆ ಗುರುತಿಸದ ದಂಡಕೋಶಗಳು ಕೆಲಸ ವಹಿಸಿಕೊಳ್ಳುವುದರಿಂದ, ಕೆಂಪು ಹೂವು ಮೊದಲು ಕಪ್ಪಿಡುತ್ತದೆ, ಅದರ ಪಕ್ಕದ ಹಸಿರೆಲೆ ಇನ್ನೂ ಸ್ವಲ್ಪ ಹೊತ್ತು ತಿಳಿಯಾಗಿ ಕಾಣುತ್ತಿರುತ್ತದೆ.

ಮೊಣಕಾಲಿನ ನೋವಿಗೆ ವೈದ್ಯರು ‘ಮಂದ ನೋವು’ ಎಂದು ಬರೆಯುತ್ತಾರೆ. ಅದು ತಪ್ಪಲ್ಲ, ಆದರೆ ಕಥೆಯ ಪಾತ್ರ ಹಾಗೆ ಹೇಳುವುದಿಲ್ಲ. ಎಡವಿ ಬೆರಳಿಗೆ ಪೆಟ್ಟು ಬಿದ್ದಾಗ ಮೊದಲು ಚುಳ್ಳೆಂದು ಒಂದು ನೋವು ಬರುತ್ತದೆ, ಅದು ಹೋದ ಮೇಲೆ ಇನ್ನೊಂದು ನೋವು ನಿಧಾನವಾಗಿ ಬಂದು ಕುಳಿತುಕೊಳ್ಳುತ್ತದೆ. ಮೊದಲನೆಯದನ್ನು ಒಯ್ಯುವ ನರತಂತುಗಳ ವೇಗ ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್. ಎರಡನೆಯದನ್ನು ಒಯ್ಯುವ ತೆಳುವಾದ ತಂತುಗಳದು ಹೆಚ್ಚೆಂದರೆ 2 ಮೀಟರ್. ಈ ಎರಡನೆಯ ನೋವಿಗೆ ಕನ್ನಡದಲ್ಲಿ ಹಿಂಡುವ ನೋವು, ಒಳಗೊಳಗೇ ಕಾಡುವ ನೋವು, ಬಿಡದೆ ಎಳೆಯುವ ನೋವು ಎನ್ನುತ್ತೇವೆ. ನಿಮ್ಮ ಕಥೆಯ ಮೊಣಕಾಲು ಹಳೆಯದಾಗಿದ್ದರೆ ‘ಎಳೆಯುವ ನೋವು’ ಚೆನ್ನಾಗಿ ಹೊಂದುತ್ತದೆ. ಭಾಷಣ ಸಪ್ಪೆ ಅಥವಾ ನೀರಸ. ಹುಡುಗನ ವಿಷಯ ದೊಡ್ಡದು. ಅದನ್ನು ಕೆಳಗಿನ ಇನ್ನೊಂದು ಉತ್ತರದಲ್ಲಿ ನೋಡಿ.

ಪ್ರಶ್ನೆ: ಹರಿತವಿಲ್ಲದ ಕತ್ತಿ ಮೊಂಡು. ಹಠ ಮಾಡುವ ಮನುಷ್ಯನೂ ಮೊಂಡ. ಹರಿತ ಬುದ್ಧಿಗೆ ವಿರುದ್ಧವಾದದ್ದು ದಡ್ಡತನವಾಗಬೇಕಿತ್ತಲ್ಲ, ಹಠ ಹೇಗಾಯಿತು?

ಉತ್ತರ: ಒಳ್ಳೆಯ ಪ್ರಶ್ನೆ. ಮೊಂಡು ಎಂದರೆ ತುದಿ ಕಳೆದುಕೊಂಡದ್ದು, ಒಳಗೆ ಇಳಿಯಲಾರದ್ದು. ಕತ್ತಿಯ ಕಡೆಯಿಂದ ನೋಡಿದರೆ ಅದು ಅಸಾಮರ್ಥ್ಯ. ಮನುಷ್ಯನ ವಿಷಯಕ್ಕೆ ಬಂದಾಗ ಅರ್ಥ ಮಗ್ಗುಲು ಬದಲಿಸಿದಂತೆ ಕಾಣುತ್ತದೆ: ಮೊಂಡನು ಎದುರಿನವರ ಮಾತಿನೊಳಕ್ಕೆ ಇಳಿಯುವುದಿಲ್ಲ ಎನ್ನುವುದಕ್ಕಿಂತ ಎದುರಿನವರ ಮಾತು ಅವನೊಳಗೆ ಇಳಿಯುವುದಿಲ್ಲ ಎಂಬುದೇ ಮುಖ್ಯವಾಗುತ್ತದೆ. ಮೊಂಡುವಾದ, ಮೊಂಡಾಟ, ಮೊಂಡುಧೈರ್ಯ ಈ ಮೂರರಲ್ಲಿಯೂ ಬುದ್ಧಿ ಇಲ್ಲವೆಂಬ ದೂರಿಲ್ಲ. ಬುದ್ಧಿ ಇದ್ದೂ ಜಗ್ಗುವುದಿಲ್ಲವೆಂಬ ದೂರಿದೆ. ಮೊಂಡುಧೈರ್ಯದಲ್ಲಂತೂ ಒಂದಿಷ್ಟು ಮೆಚ್ಚುಗೆಯೂ ಬೆರೆತಿದೆ.

ಹರಿತ, ಚುರುಕು, ಚೂಪು ಎಂಬವು ಬುದ್ಧಿಗೆ ಸಲ್ಲುತ್ತವೆ ಎಂಬುದು ನಿಜ. ಸಂಸ್ಕೃತದಿಂದ ಬಂದ ಕುಶಾಗ್ರಬುದ್ಧಿ ಎಂಬ ಮಾತು ದರ್ಭೆಯ ತುದಿಯಷ್ಟು ಚೂಪಾದ ಬುದ್ಧಿಯನ್ನು ಹೇಳುತ್ತದೆ. ಅದಕ್ಕೆದುರಾಗಿ ಮೊಂಡಾದದ್ದು ಎಂಬ ಅರ್ಥದ ಪದವೂ ಆ ಭಾಷೆಯಲ್ಲಿದೆ: ಕುಂಠ. ಅದರಿಂದ ಬಂದ ಕುಂಠಿತವನ್ನು ನಾವು ದಿನವೂ ಬಳಸುತ್ತೇವೆ. ಬೆಳವಣಿಗೆ ಕುಂಠಿತ, ಕಾಮಗಾರಿ ಕುಂಠಿತ. ಅನೇಕರು ಇದನ್ನು ‘ಕುಂಟಿತ’ ಎಂದು ಬರೆಯುವುದಕ್ಕೆ ಕಾರಣ, ಕುಂಟುತ್ತಾ ಸಾಗುವ ಕಾಮಗಾರಿ ಎಂಬ ಇನ್ನೊಂದು ಮಾತು ಕಿವಿಯಲ್ಲಿರುವುದು. ಕುಂಟು ನಮ್ಮದೇ ದ್ರಾವಿಡ ಪದ, ಕಾಲಿಗೆ ಸಂಬಂಧಿಸಿದ್ದು. ಕುಂಠ ಅಲಗಿಗೆ ಸಂಬಂಧಿಸಿದ್ದು. ಎರಡನ್ನೂ ಬೆರೆಸಬಾರದು.

ಪ್ರಶ್ನೆ: ಮಂದಹಾಸ, ಮಂದಮಾರುತ, ಮಂದಗಮನೆ ಇವೆಲ್ಲ ಹೊಗಳಿಕೆಯ ಮಾತುಗಳು. ಮಂದಮತಿ ಮಾತ್ರ ಬೈಗುಳ. ಮನೆಯಲ್ಲಿ ಹಿರಿಯರು ‘ಮಂದವಾದ ಹೊದಿಕೆ’ ಎಂದೂ ಹೇಳುತ್ತಾರೆ. ಇವೆಲ್ಲ ಒಂದೇ ಪದವೇ?

ಉತ್ತರ: ಸಂಸ್ಕೃತದ ಮಂದಕ್ಕೆ ಮೂಲಾರ್ಥ ನಿಧಾನ, ಮೃದು, ಕಡಿಮೆ ಎಂಬುದು. ನಗೆಗೆ, ಗಾಳಿಗೆ, ನಡಿಗೆಗೆ ನಿಧಾನ ಒಪ್ಪುತ್ತದೆ. ಹೊಟ್ಟೆಯ ಅಗ್ನಿಗೂ ಬುದ್ಧಿಗೂ ಒಪ್ಪುವುದಿಲ್ಲ, ಆದ್ದರಿಂದ ಮಂದಾಗ್ನಿ ರೋಗವಾಯಿತು, ಮಂದಮತಿ ನಿಂದೆಯಾಯಿತು. ಆಕಾಶದಲ್ಲಿಯೂ ಒಬ್ಬ ಮಂದನಿದ್ದಾನೆ. ಬರಿಗಣ್ಣಿಗೆ ಕಾಣುವ ಗ್ರಹಗಳಾಗಿ ಪ್ರಾಚೀನರು ಗುರುತಿಸಿದ್ದ ಐದರಲ್ಲಿ ಅತಿ ನಿಧಾನವಾದದ್ದು ಶನಿ. ಒಂದು ಸುತ್ತಿಗೆ ಅದು ಸುಮಾರು 29½ ವರ್ಷ ತೆಗೆದುಕೊಳ್ಳುತ್ತದೆ. ಅದಕ್ಕಾಗಿಯೇ ಅವನಿಗೆ ಶನೈಶ್ಚರ, ಅಂದರೆ ಮೆಲ್ಲಗೆ ಚಲಿಸುವವನು, ಎಂಬ ಹೆಸರು ಬಂದಿತು; ಮಂದ ಎಂಬುದು ಅವನ ಇನ್ನೊಂದು ಹೆಸರು, ಶನಿವಾರಕ್ಕೆ ಮಂದವಾರವೆಂದೂ ಹೆಸರುಂಟು. ಶನಿಯನ್ನು ನೆನೆದರೆ ಬರುವ ಭಯಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಅದು ನೋಡಿ, ಎಣಿಸಿ ಇಟ್ಟ ಹೆಸರು.

ಹೊದಿಕೆಯ ಮಂದ ದಪ್ಪವನ್ನು ಹೇಳುತ್ತದೆ. ಮಂದವಾದ ಕಾಗದ, ಮಂದವಾದ ಗಾಜು ಎನ್ನುವಾಗಲೂ ಅದೇ ಅರ್ಥ. ಕನ್ನಡದ ಆಡುಮಾತಿನಲ್ಲಿ ಇದಕ್ಕೆ ನಿಂದೆಯ ಸೋಂಕು ಸ್ವಲ್ಪವೂ ಇಲ್ಲ. ‘ಕಿವಿ ಮಂದ’ ಎಂದಾಗ ಮಾತ್ರ ಎರಡು ಅರ್ಥಗಳೂ ಒಂದಕ್ಕೊಂದು ತಾಗುತ್ತವೆ: ಕೇಳುವುದು ಕಡಿಮೆ ಎಂದೂ ಹೌದು, ದಪ್ಪವಾದದ್ದೇನೋ ಅಡ್ಡವಿದೆ ಎಂಬ ಭಾವವೂ ಹೌದು.

ಪ್ರಶ್ನೆ: ದಡ್ಡ, ಪೆದ್ದ, ಮಂಕ, ಬೆಪ್ಪ, ಮಡ್ಡಿ, ಜಡಮತಿ ಇವುಗಳಲ್ಲಿ ವ್ಯತ್ಯಾಸವಿದೆಯೇ, ಅಥವಾ ಬೈಯುವವರ ಬಾಯಿಗೆ ಬಂದದ್ದನ್ನು ಬೈಯುವುದಷ್ಟೆಯೇ?

ಉತ್ತರ: ಬೈಯುವಾಗ ಯಾರೂ ನಿಘಂಟು ನೋಡುವುದಿಲ್ಲ ಎಂಬುದು ಸರಿ. ಆದರೂ ಪದಗಳನ್ನು ಅದಲುಬದಲು ಮಾಡಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ದಡ್ಡನು ಹೇಳಿಕೊಟ್ಟದ್ದನ್ನು ಕಲಿಯಲಾರದವನು. ಆ ಪದ ಪಾಠದ ಕೋಣೆಗೆ ಹತ್ತಿರದ್ದು, ‘ಲೆಕ್ಕದಲ್ಲಿ ದಡ್ಡ’ ಎಂದು ವಿಷಯವನ್ನು ಬಿಡಿಸಿ ಹೇಳಬಹುದು. ‘ಲೆಕ್ಕದಲ್ಲಿ ಪೆದ್ದ’ ಎಂದು ಯಾರೂ ಹೇಳರು. ಪೆದ್ದನು ಲೋಕವ್ಯವಹಾರ ತಿಳಿಯದವನು, ಸುಲಭವಾಗಿ ಮೋಸಹೋಗುವವನು. ಪರೀಕ್ಷೆಯಲ್ಲಿ ಮೊದಲನೆಯ ಸ್ಥಾನ ಪಡೆದವನೂ ಪೆದ್ದನಾಗಿರಬಹುದು. ಮಗುವನ್ನು ಮುದ್ದಿನಿಂದ ‘ಪೆದ್ದು’ ಎನ್ನುವುದುಂಟು. ದಡ್ಡನೆಂದರೆ ಆ ಮುದ್ದು ಉಳಿಯದು. (ತೆಲುಗಿನಲ್ಲಿ ಪೆದ್ದ ಎಂದರೆ ಹಿರಿಯ, ದೊಡ್ಡವನು. ಎರಡು ಭಾಷೆ ಬಲ್ಲವರು ಈ ಪದದ ಹತ್ತಿರ ಎಚ್ಚರದಿಂದ ಇರುವುದು ಒಳ್ಳೆಯದು.)

ಬೆಪ್ಪು ಒಂದು ಗಳಿಗೆಯ ಸ್ಥಿತಿ. ಎಂಥ ಜಾಣನೂ ‘ಅವರ ಮಾತು ಕೇಳಿ ನಾನು ಬೆಪ್ಪಾದೆ’ ಎಂದು ನಾಚಿಕೆಯಿಲ್ಲದೆ ಹೇಳಿಕೊಳ್ಳಬಹುದು, ಏಕೆಂದರೆ ಮರುಗಳಿಗೆ ಅವನು ಮೊದಲಿನಂತಾಗುತ್ತಾನೆ. ಮಡ್ಡಿ ಎಂಬುದು ಎಣ್ಣೆಯ ತಳದಲ್ಲಿ ನಿಲ್ಲುವ ಗಸಿಯ ಹೆಸರು. ತಿಳಿಯಾಗದ ತಲೆಗೆ ಅದನ್ನು ಅಂಟಿಸಿದ್ದಾರೆ. ಜಡಮತಿ ಬರವಣಿಗೆಯ ಪದ, ಅದನ್ನು ಕೇಳಿ ಯಾರೂ ನೊಂದುಕೊಂಡಂತೆ ಕಾಣುವುದಿಲ್ಲ. ಮಂಕನಿಗೆ ಬುದ್ಧಿ ಇದೆ, ಆದರೆ ಅದರ ಮೇಲೆ ಏನೋ ಕವಿದಿದೆ. ಅದಕ್ಕಾಗಿಯೇ ‘ಮಂಕುಬೂದಿ ಎರಚಿದರು’ ಎಂಬ ನುಡಿಗಟ್ಟು ಹುಟ್ಟಿದ್ದು. ದಡ್ಡಬೂದಿ ಎರಚುವುದು ಸಾಧ್ಯವಿಲ್ಲ.

ಅನುವಾದಕರು ಕೇಳಿದ್ದ ಹುಡುಗ ಶಾಲೆಯಲ್ಲಿ ಹಿಂದುಳಿದವನಾದರೆ ದಡ್ಡ, ಏನೋ ಯೋಚನೆಯಲ್ಲಿ ಬಾಡಿದವನಾದರೆ ಮಂಕಾಗಿದ್ದಾನೆ, ಎದ್ದು ಓಡಾಡದವನಾದರೆ ಜಡ. ಕಥೆಯನ್ನು ಓದದೆ ನಾನು ಆರಿಸಿಕೊಡಲಾರೆ. ಒಂದು ಮಾತನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ: ಬೌದ್ಧಿಕ ಬೆಳವಣಿಗೆಯ ತೊಡಕಿರುವ ಮಗುವಿಗೆ ‘ಮಂದಬುದ್ಧಿ’ ಎಂಬ ಹಣೆಪಟ್ಟಿಯನ್ನು ಇಂದು ಬರೆಯಬಾರದು. ಒಂದು ಕಾಲಕ್ಕೆ ಅದು ವೈದ್ಯರ ಬರವಣಿಗೆಯಲ್ಲಿಯೂ ಇತ್ತು ಎಂಬುದು ಸಮರ್ಥನೆಯಾಗದು. ‘ಬೌದ್ಧಿಕ ವೈಕಲ್ಯ’ ಎಂಬ ಪದ ಬಳಕೆಗೆ ಬಂದಿದೆ.

ಪ್ರಶ್ನೆ: ಹಾಗಾದರೆ ಮಂಕುತಿಮ್ಮನು ದಡ್ಡನೋ ಅಲ್ಲವೋ?

ಉತ್ತರ: ಡಿ.ವಿ.ಜಿ. ಅವರ ಕಗ್ಗ 1943ರಲ್ಲಿ ಪ್ರಕಟವಾಯಿತು. ಅದರ ಪದ್ಯಗಳ ಕೊನೆಯಲ್ಲಿ ಬರುವ ಮಂಕುತಿಮ್ಮ ಎಂಬ ಸಂಬೋಧನೆ ಕವಿ ತನ್ನನ್ನೇ ಕರೆದುಕೊಂಡದ್ದು ಎಂದು ಓದುವ ರೂಢಿಯಿದೆ. ಮೇಲೆ ಹೇಳಿದ ವ್ಯತ್ಯಾಸವನ್ನು ಹಿಡಿದರೆ ಈ ಹೆಸರಿನ ಔಚಿತ್ಯ ಕಾಣುತ್ತದೆ. ದಡ್ಡತಿಮ್ಮನಿಗೆ ಉಪದೇಶ ಮಾಡಿ ಫಲವಿಲ್ಲ, ಮೊಂಡುತಿಮ್ಮ ಕೇಳಿಸಿಕೊಳ್ಳುವುದಿಲ್ಲ. ಮಂಕು ಕವಿದವನಿಗೆ ಮಾತ್ರ ಹೇಳುವುದಕ್ಕೆ ಅರ್ಥವಿದೆ, ಏಕೆಂದರೆ ಮಂಕು ಸರಿಯುವಂಥದ್ದು.

ಪ್ರಶ್ನೆ: ನಾನು ವಿಜ್ಞಾನ ಶಿಕ್ಷಕ. ‘ಜಡತ್ವ’ ಎಂದರೆ ಅಲುಗಾಡದೆ ಇರುವುದು ಎಂದೇ ಮಕ್ಕಳು ತಿಳಿಯುತ್ತಾರೆ. ಈ ಪದವೇ ತಪ್ಪು ದಾರಿಗೆ ಎಳೆಯುತ್ತಿದೆಯೇ? ಜಾಡ್ಯಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಪದ ಸ್ವಲ್ಪ ದಾರಿ ತಪ್ಪಿಸುತ್ತದೆ, ನಿಜ. ಬಳಕೆಯಲ್ಲಿ ಜಡವೆಂದರೆ ಬಿದ್ದಲ್ಲಿ ಬಿದ್ದಿರುವುದು. ಆದರೆ 1687ರಲ್ಲಿ ನ್ಯೂಟನ್ ಪ್ರಕಟಿಸಿದ ಮೊದಲನೆಯ ನಿಯಮದ ಪ್ರಕಾರ ನಿಂತ ಕಲ್ಲು ನಿಂತೇ ಇರುವುದು ಎಷ್ಟು ಜಡತ್ವವೋ, ಎಸೆದ ಕಲ್ಲು ಹೊರಗಿನ ಬಲವಿಲ್ಲದಿದ್ದರೆ ಅದೇ ವೇಗದಲ್ಲಿ ನೇರವಾಗಿ ಸಾಗುತ್ತಲೇ ಇರುವುದೂ ಅಷ್ಟೇ ಜಡತ್ವ. ಆದ್ದರಿಂದ ಜಡವನ್ನು ‘ಚಲಿಸದ್ದು’ ಎಂದು ಬಿಡಿಸದೆ ‘ತನ್ನ ಸ್ಥಿತಿಯನ್ನು ತಾನೇ ಬದಲಿಸಿಕೊಳ್ಳಲಾರದ್ದು’ ಎಂದು ಬಿಡಿಸಿ ಹೇಳಿ. ಈ ಅರ್ಥ ವಿಜ್ಞಾನಕ್ಕಾಗಿ ಹೊಸದಾಗಿ ಹೊಲಿದದ್ದಲ್ಲ. ದರ್ಶನಗಳಲ್ಲಿ ಜಡಕ್ಕೆ ಎದುರಾಗಿ ನಿಲ್ಲುವುದು ಚಲನೆಯಲ್ಲ, ಚೇತನ.

ರಸಾಯನಶಾಸ್ತ್ರದಲ್ಲಿಯೂ ಈ ಪದವಿದೆ. 1894ರಲ್ಲಿ ರ್‍ಯಾಲೆ ಮತ್ತು ರ್‍ಯಾಮ್ಸೆ ಗುರುತಿಸಿದ ಅನಿಲ ಯಾವುದರೊಂದಿಗೂ ಕೂಡದಿದ್ದುದರಿಂದ ಅದಕ್ಕೆ ಗ್ರೀಕಿನಲ್ಲಿ ಸೋಮಾರಿ ಎಂಬ ಅರ್ಥ ಕೊಡುವ ಆರ್ಗಾನ್ ಎಂಬ ಹೆಸರಿಟ್ಟರು. ಆ ಬಳಗವನ್ನು ನಾವು ಜಡಾನಿಲಗಳೆಂದೆವು. 1962ರಲ್ಲಿ ನೀಲ್ ಬಾರ್ಟ್ಲೆಟ್ ಅದೇ ಬಳಗದ ಝೆನಾನನ್ನು ಸಂಯುಕ್ತಕ್ಕೆ ಒಳಪಡಿಸಿ ತೋರಿಸಿದ ಮೇಲೆ ಆ ಹೆಸರು ಪೂರ್ತಿ ನಿಜವಾಗಿ ಉಳಿಯಲಿಲ್ಲ, ಆದರೆ ಪಠ್ಯಪುಸ್ತಕಗಳಲ್ಲಿ ಅದು ತನ್ನ ಜಡತ್ವದಿಂದಲೇ ಮುಂದುವರಿದಿದೆ.

ಜಡದ ಭಾವರೂಪ ಜಾಡ್ಯ. ಮೊದಲು ಅದು ಮಂಕುತನ, ನಿಶ್ಚೇಷ್ಟತೆ ಎಂಬ ಅರ್ಥದ್ದು. ಕನ್ನಡದಲ್ಲಿ ಕಾಯಿಲೆಯಾಗಿ, ಈಗ ಬಿಡಿಸಲಾರದ ಕೆಟ್ಟ ಚಾಳಿಯಾಗಿ ನಿಂತಿದೆ. ‘ಸೋಮಾರಿತನದ ಜಾಡ್ಯ’ ಎಂದು ಬರೆಯುವವರು ತಿಳಿಯದೆಯೇ ಒಂದೇ ಮಾತನ್ನು ಎರಡು ಸಲ ಹೇಳುತ್ತಿರುತ್ತಾರೆ.

ಇನ್ನೊಂದು ಜಡತೆಯನ್ನು ಹೇಳದೆ ಈ ಉತ್ತರವನ್ನು ಮುಗಿಸಲು ಮನಸ್ಸು ಬಾರದು. ಭರತನ ನಾಟ್ಯಶಾಸ್ತ್ರ ಪಟ್ಟಿಮಾಡಿರುವ 33 ವ್ಯಭಿಚಾರಿಭಾವಗಳಲ್ಲಿ, ಅಂದರೆ ಸ್ಥಿರವಾಗಿ ನಿಲ್ಲದೆ ಬಂದು ಹೋಗುವ ಭಾವಗಳಲ್ಲಿ, ಆಲಸ್ಯ ಬೇರೆ, ಜಡತೆ ಬೇರೆ. ಆಲಸ್ಯವೆಂದರೆ ಮಾಡಲು ಮನಸ್ಸಿಲ್ಲದಿರುವುದು. ಜಡತೆಯೆಂದರೆ ಏನು ಮಾಡಬೇಕೆಂದೇ ತೋಚದಿರುವುದು, ಮತ್ತು ಅದಕ್ಕೆ ಕಾರಣ ಕೆಟ್ಟ ಸುದ್ದಿಯೇ ಆಗಬೇಕಿಲ್ಲ: ಇಷ್ಟವಾದದ್ದನ್ನು ಕಂಡರೂ ಕೇಳಿದರೂ ಬರಬಹುದು. ವರ್ಷಗಟ್ಟಲೆ ಕಾದಿದ್ದವರು ಬಾಗಿಲಲ್ಲಿ ನಿಂತಾಗ ‘ಬನ್ನಿ’ ಎನ್ನಲೂ ತೋಚದೆ ಕಣ್ಣು ಮಿಟುಕಿಸದೆ ನಿಂತುಬಿಡುವವರಲ್ಲಿ ಇರುವುದು ಈ ಜಡತೆಯೇ. ಕನ್ನಡದಲ್ಲಿ ಅದಕ್ಕೆ ಮರವಾಗಿ ನಿಂತರು, ಕಲ್ಲಾಗಿ ನಿಂತರು ಎನ್ನುತ್ತೇವೆ. ಭಾವ ಇಲ್ಲದ್ದರಿಂದ ಬಂದದ್ದಲ್ಲ ಅದು, ಭಾವ ಉಕ್ಕಿದ್ದರಿಂದ ಬಂದದ್ದು.

ಪ್ರಶ್ನೆ: ವೈದ್ಯಕೀಯ ಲೇಖನವೊಂದರಲ್ಲಿ ಎದೆಯನ್ನು ತಟ್ಟಿದಾಗ ‘ಡಲ್’ ಸದ್ದು ಬರುತ್ತದೆ ಎಂಬುದನ್ನು ‘ಮಂದ್ರ ಸದ್ದು’ ಎಂದು ಬರೆದಿದ್ದರು. ಸರಿಯೇ?

ಉತ್ತರ: ಸರಿಯಲ್ಲ. ಮಂದ್ರ ಸ್ವರದ ಎತ್ತರಕ್ಕೆ ಸಂಬಂಧಿಸಿದ್ದು. ಮಂದ್ರ, ಮಧ್ಯ, ತಾರ ಎಂಬ ಮೂರು ಸ್ಥಾಯಿಗಳಲ್ಲಿ ಕೆಳಗಿನದು, ತುಂಬಿದ ನಾದದ್ದು. ವೈದ್ಯರು ಹೇಳುವುದು ಅದಕ್ಕೆ ಎದುರಾದ, ನಾದವೇ ಇಲ್ಲದೆ ಉಡುಗಿಹೋಗುವ ಸದ್ದನ್ನು. ಆಸ್ಟ್ರಿಯಾದ ವೈದ್ಯ ಲಿಯೊಪೋಲ್ಡ್ ಆವೆನ್‌ಬ್ರುಗರ್ 1761ರಲ್ಲಿ ಈ ಪರೀಕ್ಷೆಯನ್ನು ಪ್ರಕಟಿಸಿದನು. ಗಾಳಿ ತುಂಬಿದ ಶ್ವಾಸಕೋಶದ ಮೇಲೆ ತಟ್ಟಿದರೆ ಟೊಳ್ಳು ನಾದ ಬರುತ್ತದೆ, ಯಕೃತ್ತಿನ ಮೇಲೆ ಅಥವಾ ನೀರು ತುಂಬಿದ ಎದೆಯ ಮೇಲೆ ತಟ್ಟಿದರೆ ಸದ್ದು ಅಲ್ಲಿಯೇ ಸಾಯುತ್ತದೆ. ಗೋಡೆ ತಟ್ಟಿ ನೋಡುವವರು ಇದನ್ನೇ ಟೊಳ್ಳು ಸದ್ದು, ಗಟ್ಟಿ ಸದ್ದು ಎನ್ನುತ್ತಾರೆ. ಆದರೆ ಗಟ್ಟಿ ಎಂಬುದಕ್ಕೆ ಜೋರು ಎಂಬ ಅರ್ಥವೂ ಇರುವುದರಿಂದ ಲೇಖನದಲ್ಲಿ ಅದು ಗೊಂದಲ ಮಾಡುತ್ತದೆ. ‘ಮಂದ ಸದ್ದು’ ಅಥವಾ ‘ಉಡುಗಿದ ಸದ್ದು’ ಎಂದು ಬರೆಯಬಹುದು.

ಪ್ರಶ್ನೆ: ‘ನೀರಸ ಪ್ರತಿಕ್ರಿಯೆ’ ಎಂದು ಪತ್ರಿಕೆಗಳು ಬರೆಯುವುದು ಸರಿಯೇ? ಬೇಸರ, ಬೇಜಾರು ಒಂದೇ ಪದದ ಎರಡು ರೂಪಗಳೇ?

ಉತ್ತರ: ಜನ ಬರಲಿಲ್ಲ ಎನ್ನಬೇಕಾದ ಕಡೆ ನೀರಸ ಪ್ರತಿಕ್ರಿಯೆ ಎಂದು ಬರೆಯುವ ಅಭ್ಯಾಸ ಬೆಳೆದಿದೆ. ರಸವಿಲ್ಲದಿರುವುದು ಬೇರೆ, ಸಂಖ್ಯೆ ಇಲ್ಲದಿರುವುದು ಬೇರೆ. ನೂರು ಜನ ಬರಬೇಕಾದಲ್ಲಿ ಬಂದ ಹತ್ತು ಜನರು ಉತ್ಸಾಹದಿಂದಲೇ ಬಂದಿರಬಹುದು. ಗೋಲಿಲ್ಲದೆ ಮುಗಿದ ಆಟವನ್ನು ನೀರಸವೆನ್ನುವುದು ಒಪ್ಪುವ ಮಾತು, ಅಲ್ಲಿ ನೋಡುವವನ ಅನುಭವದ ಪ್ರಸ್ತಾಪವಿದೆ. ಸ್ಯಾಮ್ಯುಯಲ್ ಜಾನ್ಸನ್ 1755ರ ತನ್ನ ಇಂಗ್ಲಿಷ್ ನಿಘಂಟಿನಲ್ಲಿ ಡಲ್ ಎಂಬ ಪದದ ಒಂದು ಅರ್ಥಕ್ಕೆ ಉದಾಹರಣೆಯಾಗಿ, ನಿಘಂಟು ಮಾಡುವುದು ನೀರಸವಾದ ಕೆಲಸ ಎಂಬರ್ಥದ ವಾಕ್ಯವನ್ನೇ ಕೊಟ್ಟಿದ್ದಾನೆ. ಪದಗಳ ಅಂಕಣ ಬರೆಯುವವರು ಇದಕ್ಕೆ ಏನೂ ಹೇಳದಿರುವುದು ಕ್ಷೇಮ.

ಬೇಸರ ಹಳೆಯ ಕನ್ನಡ ಪದ. ಹೆರು ಎಂಬುದರಿಂದ ಹೆತ್ತು, ತೆರು ಎಂಬುದರಿಂದ ತೆತ್ತು ಆದಂತೆ ಬೇಸರು ಎಂಬ ಕ್ರಿಯಾಪದದಿಂದ ಬೇಸತ್ತು ಆಗಿದೆ. ಬೇಜಾರು ಪಾರಸಿಯ ಬೇಜಾರ್ ಎಂಬುದರಿಂದ ಬಂದದ್ದು, ಹೇಸಿಕೊಂಡ, ಸಾಕೆನಿಸಿದ ಎಂಬ ಅರ್ಥದ್ದು. ಸದ್ದಿನ ಹೋಲಿಕೆಯಿಂದ ಇವೆರಡೂ ಅಕ್ಕಪಕ್ಕ ಬಂದು ಕೂತಿವೆ.

ಪ್ರಶ್ನೆ: ‘ಯಾಕೆ ಇವತ್ತು ಡಲ್ ಆಗಿದ್ದೀರಿ?’ ಎನ್ನುವುದನ್ನು ಬಿಟ್ಟು ಕನ್ನಡದಲ್ಲಿ ಹೇಗೆ ಕೇಳಬೇಕು?

ಉತ್ತರ: ‘ಯಾಕೆ ಮಂಕಾಗಿದ್ದೀರಿ?’ ‘ಮುಖ ಬಾಡಿದೆಯಲ್ಲ?’ ‘ಸಪ್ಪಗಿದ್ದೀರಲ್ಲ?’ ಇವು ಮೂರೂ ಬಳಕೆಯಲ್ಲಿವೆ. ಆಡುಮಾತಿನಲ್ಲಿ ಡಲ್ ಎಂದರೆ ಆಕಾಶ ಬೀಳುವುದಿಲ್ಲ. ಅದೀಗ ಕನ್ನಡದ ಪದವೇ ಆಗಿದೆ. ಆದರೆ ಬಾಡಿದ್ದು ದಣಿವಿನಿಂದ, ಮಂಕು ಚಿಂತೆಯಿಂದ, ಸಪ್ಪಗಾದದ್ದು ಆಸೆ ಕೈಗೂಡದೆ ಎಂಬ ವಿವರ ಅದರಲ್ಲಿ ಸಿಗುವುದಿಲ್ಲ. ಕೇಳುವವರಿಗೆ ಆ ವಿವರ ಬೇಕೋ ಬೇಡವೋ ಎಂಬುದರ ಮೇಲೆ ಆಯ್ಕೆ ನಿಂತಿದೆ.

ಪ್ರಶ್ನೆ: ‘ದೃಷ್ಟಿಮಾಂದ್ಯ’ವೋ ‘ದೃಷ್ಟಿಮಾಂಧ್ಯ’ವೋ?

ಉತ್ತರ: ದೃಷ್ಟಿಮಾಂದ್ಯ. ಮಂದದ ಭಾವರೂಪ ಮಾಂದ್ಯ, ಅದಕ್ಕೆ ಮಹಾಪ್ರಾಣವಿಲ್ಲ. ಅಂಧ ಎಂಬ ಪದ ನೆನಪಿನಲ್ಲಿ ಸುಳಿಯುವುದರಿಂದ ಕೈ ತಪ್ಪುತ್ತದೆ. ಅಂಧದ ಭಾವರೂಪ ಆಂಧ್ಯ, ಅದು ಬೇರೆ. ಅಗ್ನಿಮಾಂದ್ಯ, ಬುದ್ಧಿಮಾಂದ್ಯಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.